ಸಾಮಾನ್ಯರ ಬದುಕೂ ಒಂದು ಅಮಾನತ್ತು

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲೂಕುಗಳ ಕುಟುಂಬಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಜಿಲ್ಲೆಯ ಇತಿಹಾಸದ ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಕೋಲಾರದಲ್ಲಿ ನಿಂತು ಇತಿಹಾಸದ ಮಾತೆತ್ತಿದರೆ ನಮ್ಮ ನಾಲಗೆಯ ಮೇಲೆ ಮೊದಲು ಯಾರ ಹೆಸರು ಬರುತ್ತದೆಂದು ನಿಮಗೆ ಗೊತ್ತು. ಹೈದರಾಲಿ ಹುಟ್ಟಿದ್ದು ಈ ಜಿಲ್ಲೆಯ ಬೂದಿಕೋಟೆಯಲ್ಲಿ. ಅವರ ತಂದೆ ಫತೇಹ್ ಮುಹಮ್ಮದರ ಸಮಾಧಿ ಇದೇ ಕೋಲಾರ ಪಟ್ಟಣದ ಮಕ್‌ಬರಾದಲ್ಲಿದೆ. 1768ರಲ್ಲಿ ಮುಳಬಾಗಿಲಿನ ಬಳಿ ಹೈದರಾಲಿಯ ಸೇನೆಗೂ ಈಸ್ಟ್ ಇಂಡಿಯಾ ಕಂಪೆನಿಯ ಸೇನೆಗೂ ಕದನ ನಡೆಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿನ ಮೇಲೆ ಏರಿ ಹೋಗುವಾಗ ಕೋಲಾರವನ್ನು ವಶಪಡಿಸಿಕೊಂಡಿತು. ಇವೆಲ್ಲ ನಮ್ಮ ಮಕ್ಕಳಿಗೂ ಬಾಯಿಪಾಠವಾಗಿವೆ. ಇರಲಿ, ಅದು ತಪ್ಪಲ್ಲ.

ಆದರೆ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. 1791ರಲ್ಲಿ ಆ ಸೇನೆ ಈ ದಾರಿಯಾಗಿ ಹಾದು ಹೋದಾಗ ಇಲ್ಲಿನ ನೇಕಾರ ಏನು ಮಾಡಿದ? ದನ ಮೇಯಿಸುವವನು ತನ್ನ ದನಗಳನ್ನು ಎಲ್ಲಿ ಬಚ್ಚಿಟ್ಟ? ತುಂಬು ಬಸುರಿಯೊಬ್ಬಳು ಆ ರಾತ್ರಿಯನ್ನು ಎಲ್ಲಿ ಕಳೆದಳು? ನಾವು ಸುಲ್ತಾನರ ವಂಶಸ್ಥರಲ್ಲ. ಈ ಸಭಾಂಗಣದಲ್ಲಿರುವ ಬಹುಪಾಲು ಜನ ಆ ನೇಕಾರನ, ಆ ದನಗಾಹಿಯ, ಆ ಬಸುರಿ ಹೆಣ್ಣಿನ ವಂಶಸ್ಥರು. ಸುಲ್ತಾನರ ಕುದುರೆಯ ಬಣ್ಣ ನಮಗೆ ಗೊತ್ತು. ನಮ್ಮ ಮುತ್ತಜ್ಜಿಯ ಹೆಸರು ಗೊತ್ತಿಲ್ಲ. ಇದು ನಗುವ ಮಾತಲ್ಲ. ತನ್ನ ಸಾಮಾನ್ಯರನ್ನು ಮರೆತ ಸಮುದಾಯವು ತನ್ನನ್ನು ತಾನು ಅರಿಯಲಾರದು, ಬೇರೆಯವರು ತನ್ನ ಬಗ್ಗೆ ಹೇಳುವ ಸುಳ್ಳಿಗೆ ಉತ್ತರ ಕೊಡಲೂ ಆರದು.

ಇಸ್ಲಾಮ್ ನಮಗೆ ಕಲಿಸಿದ್ದು ಈ ಮರೆವನ್ನಲ್ಲ. ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಓರ್ವ ಕಪ್ಪು ವರ್ಣದ ಮಹಿಳೆಯ ಪ್ರಸಂಗವನ್ನು ನೀವೆಲ್ಲ ಕೇಳಿದ್ದೀರಿ. ಕೆಲವು ದಿನ ಆಕೆ ಕಾಣಿಸಲಿಲ್ಲ. ಪ್ರವಾದಿಯವರು(ಸ) ವಿಚಾರಿಸಿದಾಗ ಆಕೆ ತೀರಿಕೊಂಡಳೆಂದೂ ದಫನ ಮಾಡಲಾಯಿತೆಂದೂ ಅನುಚರರು ತಿಳಿಸಿದರು. ಇದೊಂದು ಸಣ್ಣ ಸಂಗತಿ, ಪ್ರವಾದಿಯವರಿಗೆ(ಸ) ತಿಳಿಸುವಷ್ಟು ದೊಡ್ಡದಲ್ಲ ಎಂದು ಅವರು ಭಾವಿಸಿದ್ದರು. ಪ್ರವಾದಿಯವರು(ಸ) ತಮಗೇಕೆ ತಿಳಿಸಲಿಲ್ಲವೆಂದು ಕೇಳಿ, ಆಕೆಯ ಗೋರಿಯ ಬಳಿಗೆ ತಾವೇ ಹೋಗಿ ಪ್ರಾರ್ಥಿಸಿದರು. ಗುಡಿಸುವವಳ ಸಾವು ಸಣ್ಣ ಸಂಗತಿಯಲ್ಲ ಎಂಬುದೇ ಅಲ್ಲಿನ ಪಾಠ. ಪವಿತ್ರ ಕುರ್‌ಆನಿನ ಯಾಸೀನ್ ಅಧ್ಯಾಯವನ್ನು ನಾವು ಮನೆಮನೆಯಲ್ಲೂ ಓದುತ್ತೇವೆ. ಅದರಲ್ಲಿ ಪಟ್ಟಣದ ದೂರದ ತುದಿಯಿಂದ ಓಡಿ ಬಂದು ಸತ್ಯದ ಪರವಾಗಿ ನಿಂತ ಒಬ್ಬ ವ್ಯಕ್ತಿಯಿದ್ದಾನೆ. ಅವನು ಅರಸನಲ್ಲ, ಸರದಾರನಲ್ಲ. ಅಂತಹ ಒಬ್ಬ ಸಾಮಾನ್ಯನ ಓಟವು ಅಂತ್ಯ ದಿನದವರೆಗೂ ಓದಲ್ಪಡುವ ಗ್ರಂಥದಲ್ಲಿ ದಾಖಲಾಯಿತು.

ನಮ್ಮ ಪೂರ್ವಿಕ ವಿದ್ವಾಂಸರು ಈ ಪಾಠವನ್ನು ಚೆನ್ನಾಗಿ ಕಲಿತಿದ್ದರು. ಹದೀಸ್‌ಗಳನ್ನು ಹೇಳಿದವರು ಯಾರು, ಎಲ್ಲಿದ್ದರು, ಯಾರಿಂದ ಕೇಳಿದರು, ಅವರ ಮಾತು ಎಷ್ಟು ನಂಬಲರ್ಹ ಎಂಬುದನ್ನು ಪರಿಶೀಲಿಸಲೆಂದೇ ಅವರು ಒಂದು ಶಾಸ್ತ್ರವನ್ನು ಕಟ್ಟಿದರು. ಇಬ್ನು ಸಅದ್‌ರ ಜೀವನ ಚರಿತ್ರೆಗಳ ಮಹಾ ಸಂಗ್ರಹದ ಕೊನೆಯ ಸಂಪುಟ ಸಂಪೂರ್ಣವಾಗಿ ಮಹಿಳೆಯರದ್ದು. ಪ್ರವಾದಿ(ಸ) ಅನುಚರರ ಬಗ್ಗೆ ಇಬ್ನು ಹಜರ್ ಅಸ್ಕಲಾನಿಯವರು ಬರೆದ ಗ್ರಂಥದಲ್ಲಿ 12 ಸಾವಿರಕ್ಕೂ ಹೆಚ್ಚು ವ್ಯಕ್ತಿಗಳ ವಿವರಗಳಿವೆ. ಅವರಲ್ಲಿ ವರ್ತಕರಿದ್ದಾರೆ, ಬಿಡುಗಡೆಯಾದ ಗುಲಾಮರಿದ್ದಾರೆ, ವಿಧವೆಯರಿದ್ದಾರೆ. ಮುದ್ರಣ ಯಂತ್ರವಿಲ್ಲದ ಕಾಲದಲ್ಲಿ ಇಷ್ಟು ಜನರನ್ನು ಹೆಸರು ಹಿಡಿದು ನೆನಪಿಟ್ಟ ಸಮುದಾಯದ ವಾರಸುದಾರರು ನಾವು. ಇಂದು ನಮ್ಮ ಕೈಯಲ್ಲಿ ಕಾಗದಕ್ಕೆ ಬರವಿಲ್ಲ, ಮೊಬೈಲ್‌ಗೆ ಬರವಿಲ್ಲ. ಆದರೂ ಮುತ್ತಜ್ಜನ ಹೆಸರು ಕೇಳಿದರೆ ತಡವರಿಸುತ್ತೇವೆ.

ಈಗ ನಮ್ಮದೇ ಜಿಲ್ಲೆಯ ಒಬ್ಬ ಸಾಮಾನ್ಯ ವ್ಯಕ್ತಿಯ ಬಗ್ಗೆ ಹೇಳುತ್ತೇನೆ. ಡಿ.ವಿ. ಗುಂಡಪ್ಪನವರು 1887ರ ಮಾರ್ಚ್ 17ರಂದು ಮುಳಬಾಗಿಲಿನಲ್ಲಿ ಹುಟ್ಟಿದರು. ಕನ್ನಡ ಓದಬಲ್ಲ ಪ್ರತಿಯೊಬ್ಬರಿಗೂ ಅವರ 'ಮಂಕುತಿಮ್ಮನ ಕಗ್ಗ' ಗೊತ್ತು. ಬಾಳನ್ನು ಜಟಕಾ ಗಾಡಿಗೆ ಹೋಲಿಸಿದ ಅದರ ಪದ್ಯವು ಮದುವೆಯ ಭಾಷಣದಿಂದ ವಿಧಾನಸಭೆಯ ಚರ್ಚೆಯವರೆಗೆ ಎಲ್ಲ ಕಡೆ ಕೇಳಿಬರುತ್ತದೆ. ಆದರೆ ಆ ಬಡ ಹುಡುಗನ ಬಾಳಿನಲ್ಲಿ ನಿಜವಾದ ಒಂದು ಜಟಕಾ ಇತ್ತು, ಅದನ್ನು ಓಡಿಸುತ್ತಿದ್ದ ಓರ್ವ ಮುಸ್ಲಿಮ್ ಇದ್ದರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರ ಹೆಸರು ರಸೂಲ್ ಖಾನ್. ಮುಂದಿನ ಓದಿಗೆ ಊರು ಬಿಟ್ಟು ಹೋಗಲು ದಾರಿ ಕಾಣದಿದ್ದ ಹುಡುಗನಿಗೆ ನೆರವಾದವರಲ್ಲಿ ಈ ಜಟಕಾ ಗಾಡಿಯವರೂ ಒಬ್ಬರು. ಶಾಲೆಯ ಮುಖ್ಯೋಪಾಧ್ಯಾಯರಲ್ಲ, ಅಮಲ್ದಾರರಲ್ಲ, ಕುದುರೆಯ ಹುಲ್ಲಿಗೆ ಅಂದಂದೇ ದುಡಿಯಬೇಕಾಗಿದ್ದ ಒಬ್ಬ ಗಾಡಿಯವರು.

ಆ ಕಾಲವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. 1864ರಲ್ಲಿ ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲು ಬಂತು. ಅದು ಮಾಲೂರಿನ ಮೂಲಕ, ಇಂದು ಬಂಗಾರಪೇಟೆ ಎನ್ನುವ ಬೌರಿಂಗ್‌ಪೇಟೆಯ ಮೂಲಕ ಹಾದುಹೋಯಿತು. ಮುಳಬಾಗಿಲಿನ ಮೂಲಕ ಹೋಗಲಿಲ್ಲ. ಆದ್ದರಿಂದ ಮುಳಬಾಗಿಲಿನವರಿಗೆ ಹೊರಜಗತ್ತೆಂಬುದು ಗಂಟೆಗಟ್ಟಲೆಯ ಗಾಡಿ ಪ್ರಯಾಣದ ಆಚೆಗಿತ್ತು. ಆಸ್ಪತ್ರೆಗೆ, ನ್ಯಾಯಾಲಯಕ್ಕೆ, ಕಾಲೇಜಿಗೆ, ಚಿನ್ನದ ಗಣಿಯ ಕೂಲಿಗೆ ಹೋಗುವವರೆಲ್ಲ ಜಟಕಾದವರನ್ನು ಅವಲಂಬಿಸಿದ್ದರು. 1876-78ರ ಘೋರ ಕ್ಷಾಮದ ನೆನಪು ಆಗ ಇನ್ನೂ ಹಸಿಯಾಗಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಮಿಕ್ಕಿತ್ತು; 1881ರಲ್ಲಿ ಅದು 42 ಲಕ್ಷಕ್ಕಿಂತ ಕೆಳಗಿಳಿಯಿತು. ಬೆಳೆಯಬೇಕಾದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಕುಸಿಯಿತೆಂದರೆ ಪ್ರತಿ ಮನೆಯ ಅಂಗಳದಲ್ಲೂ ಸಾವು ಕುಳಿತಿತ್ತೆಂದೇ ಅರ್ಥ. 1898ರಲ್ಲಿ ಪ್ಲೇಗ್ ಬಂತು. ಅದೇ ಅವಧಿಯಲ್ಲಿ ಅನತಿ ದೂರದ ಚಿನ್ನದ ಗಣಿಯಲ್ಲಿ ಹೊಸ ಜಗತ್ತೊಂದು ಏಳುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಆ ಗಣಿಗೆ ವಿದ್ಯುತ್ ಒದಗಿಸಲಾಯಿತು. ಗಣಿಯ ಯಂತ್ರಗಳಿಗೆ ವಿದ್ಯುತ್ ಬಂದಾಗ ಸುತ್ತಲಿನ ಹಳ್ಳಿಗಳಲ್ಲಿ ಹರಳೆಣ್ಣೆಯ ದೀಪವೇ ಉರಿಯುತ್ತಿತ್ತು.

ಕ್ಷಾಮ, ಪ್ಲೇಗ್, ರೈಲು, ಗಣಿ, ವಿದ್ಯುತ್. ಇತಿಹಾಸದ ಪುಸ್ತಕಗಳಲ್ಲಿ ಇವು ಬೇರೆ ಬೇರೆ ಅಧ್ಯಾಯಗಳು. ಜಟಕಾ ಗಾಡಿಯವರೊಬ್ಬರ ಬದುಕಿನಲ್ಲಿ ಇವೆಲ್ಲ ಒಂದೇ ದಾರಿ. ಅದೇ ದಾರಿಯಲ್ಲಿ ಅವರು ಒಬ್ಬ ಬಡ ಬ್ರಾಹ್ಮಣ ಹುಡುಗನ ಓದಿಗೂ ಸಮಯ ಕೊಟ್ಟರು. ಆ ಹುಡುಗ ಮುಂದೆ ಚಿನ್ನದ ಗಣಿಯ ಸೋಡಾ ಕಾರ್ಖಾನೆಯಲ್ಲಿ ದುಡಿದು, ಬೆಂಗಳೂರಿನಲ್ಲಿ ಪತ್ರಕರ್ತನಾಗಿ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, 'ಜ್ಞಾಪಕ ಚಿತ್ರಶಾಲೆ' ಎಂಬ ಸಂಪುಟಗಳಲ್ಲಿ ತಾನು ಕಂಡ ದೊಡ್ಡವರ ಜೊತೆಗೆ ಸಾಮಾನ್ಯರನ್ನೂ ಚಿತ್ರಿಸಿದರು. ನಮ್ಮ ಮಾಲೂರು ತಾಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರೂ ಸಾಮಾನ್ಯರ ಬದುಕನ್ನೇ ಸಣ್ಣ ಕತೆಗಳನ್ನಾಗಿಸಿದವರು. ಈ ಮಣ್ಣಿಗೆ ಸಾಮಾನ್ಯರನ್ನು ಗೌರವಿಸುವ ಗುಣವಿದೆ.

ಆದರೆ ಇದರಲ್ಲಿ ನಮಗೊಂದು ಚುಚ್ಚುವ ಸತ್ಯವೂ ಇದೆ. ರಸೂಲ್ ಖಾನ್‌ರ ಹೆಸರು ನಮಗೆ ತಲುಪಿದ್ದು ಅವರ ಸಮುದಾಯದವರು ಬರೆದಿಟ್ಟದ್ದರಿಂದಲ್ಲ. ಅವರಿಂದ ಉಪಕಾರ ಪಡೆದ ಹುಡುಗ ಬೆಳೆದು ಲೇಖಕನಾದ್ದರಿಂದ. ಆ ಹುಡುಗ ಲೇಖಕನಾಗದೆ ಗುಮಾಸ್ತನಾಗಿದ್ದರೆ ಆ ಹೆಸರೂ ಮಣ್ಣಾಗುತ್ತಿತ್ತು. ಎಷ್ಟು ರಸೂಲ್ ಖಾನ್‌ರು ಹೀಗೆ ಮಣ್ಣಾಗಿದ್ದಾರೆ! ಅಲ್ಲಾಹನ ಬಳಿ ಅವರ ಕರ್ಮಪತ್ರ ಸುರಕ್ಷಿತವಾಗಿದೆ, ನಿಜ. ಆದರೆ ನಮ್ಮ ಮಕ್ಕಳಿಗೆ ಅವರ ಮಾದರಿ ಬೇಕಲ್ಲವೇ? ಮುಸ್ಲಿಮರೆಂದರೆ ಯಾರು ಎಂದು ದೂರದರ್ಶನದ ಚರ್ಚೆಗಳು ಹೇಳುವುದನ್ನೇ ಕೇಳಿ ಬೆಳೆಯುವ ಹುಡುಗನಿಗೆ, ನಿನ್ನ ಮುತ್ತಜ್ಜ ಹೀಗಿದ್ದರು ಎಂದು ತೋರಿಸಲು ಒಂದು ಪುಟವಾದರೂ ಬೇಡವೇ?

ಹೀಗಾಗಿ ಇಂದು ನಾನು ನನ್ನ ತಾಯಿಯ ತಾಯಿ, ನನ್ನ ನಾನಿಯ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಅವರು ಯಾವ ಪ್ರಸಿದ್ಧ ವ್ಯಕ್ತಿಯೂ ಅಲ್ಲ. ಇಲ್ಲಿರುವ ಪ್ರತಿಯೊಬ್ಬರ ಮನೆಯಲ್ಲೂ ಇಂತಹ ಒಬ್ಬರು ಇದ್ದರು ಎಂಬುದೇ ಅವರನ್ನು ಆರಿಸಿಕೊಳ್ಳಲು ಕಾರಣ.

ಅವರು ಶ್ರೀನಿವಾಸಪುರ ತಾಲೂಕಿನ ಒಂದು ಹಳ್ಳಿಯಲ್ಲಿ 1928ರ ಸುಮಾರಿಗೆ ಹುಟ್ಟಿದರು. ಓದು ಬರಹ ತಿಳಿಯದು. ಕುರ್‌ಆನ್ ಪಾರಾಯಣ ಮಾತ್ರ ಬರುತ್ತಿತ್ತು. ಎಂಟೊಂಬತ್ತು ವರ್ಷಕ್ಕೇ ರೇಷ್ಮೆ ನೂಲು ತೆಗೆಯುವ ಚರಕದ ಮುಂದೆ ಕುಳಿತರು. ನಿಮ್ಮಲ್ಲಿ ಹಲವರಿಗೆ ಆ ಕೆಲಸ ಗೊತ್ತು. ಒಬ್ಬರು ಕುದಿಯುವ ನೀರಿನಲ್ಲಿ ಗೂಡುಗಳನ್ನು ಬೇಯಿಸಿ ಎಳೆಗಳ ತುದಿ ಹುಡುಕಿ ಕೂಡಿಸಬೇಕು, ಇನ್ನೊಬ್ಬರು ಚಕ್ರ ತಿರುಗಿಸಬೇಕು. ಬೆರಳುಗಳು ಬೆಂದು ಬಿಳಿಚಿಕೊಳ್ಳುತ್ತವೆ. ಸತ್ತ ಹುಳುವಿನ ವಾಸನೆ ಬಟ್ಟೆಯಿಂದ ಹೋಗುವುದಿಲ್ಲ. ಅವರು ಬಾಲಕಿಯಾಗಿದ್ದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಪ್ಯಾರಾಚೂಟ್ ತಯಾರಿಕೆಗೆ ಮೈಸೂರಿನ ರೇಷ್ಮೆಗೆ ಬೇಡಿಕೆ ಬಂತು, ಬೆಲೆ ಏರಿತು. ಯುದ್ಧ ಮುಗಿದಾಗ ಬೆಲೆ ಇಳಿಯಿತು. ಯೂರೋಪಿನ ಆಕಾಶದಲ್ಲಿ ಯಾರು ಯಾರ ಮೇಲೆ ಇಳಿಯುತ್ತಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ. ಒಂದು ಕಾಲದಲ್ಲಿ ದಿನಕ್ಕೆ ಎರಡು ಹೊತ್ತು ಅನ್ನವಿತ್ತು, ಆಮೇಲೆ ರಾಗಿಯೂ ಅಳತೆಯ ಮೇಲೆ ಸಿಗುವಂತಾಯಿತು ಎಂಬುದಷ್ಟೇ ಅವರ ಪಾಲಿನ ಮಹಾಯುದ್ಧ.

1947ರಲ್ಲಿ ದೇಶ ವಿಭಜನೆಯಾಯಿತು. ನಾನಿಯ ಅಣ್ಣನೊಬ್ಬರು ಮಾವಿನ ವ್ಯಾಪಾರ ಮಾಡುತ್ತಿದ್ದರು. ಬೆಂಗಳೂರಿಗೆ ಹೋಗಿ ಬಂದ ಯಾರೋ ಕರಾಚಿಯ ಮಾತನ್ನು ಅವರ ತಲೆಯಲ್ಲಿ ತುಂಬಿದರು. ಮನೆಯಲ್ಲಿ ಎರಡು ವಾರ ಅದೇ ಚರ್ಚೆ. ಕೊನೆಗೆ ಅದನ್ನು ನಿಲ್ಲಿಸಿದ್ದು ಯಾವ ನಾಯಕರ ಭಾಷಣವೂ ಅಲ್ಲ. ಮುಂದಿನ ಫಸಲಿಗೆಂದು ಅವರು ಮೂರು ತೋಪುಗಳ ಮಾಲೀಕರಿಗೆ ಮುಂಗಡ ಕೊಟ್ಟಿದ್ದರು. ಕೊಟ್ಟ ಹಣ ಬಿಟ್ಟು ಹೋಗುವುದು ಹೇಗೆ? ಮರ ಹೂ ಬಿಡಲಿ, ಕಾಯಿ ಇಳಿಯಲಿ, ಆಮೇಲೆ ನೋಡೋಣ ಎಂದರು. ಕಾಯಿ ಇಳಿಯುವಷ್ಟರಲ್ಲಿ ಹೋಗುವ ಮಾತು ತಾನಾಗಿ ಸತ್ತಿತ್ತು. ಅವರ ಮೊಮ್ಮಕ್ಕಳು ಇಂದಿಗೂ ಶ್ರೀನಿವಾಸಪುರದ ಮಂಡಿಯಲ್ಲಿದ್ದಾರೆ. 2025ರ ಜೂನಿನಲ್ಲಿ ನೆರೆಯ ಚಿತ್ತೂರು ಜಿಲ್ಲೆಯವರು ಕರ್ನಾಟಕದ ತೋತಾಪುರಿ ಮಾವಿಗೆ ತಡೆ ಹಾಕಿದಾಗ ಗೌಡರ ತೋಪಿನ ಕಾಯಿಯೂ ಸಾಬರ ಮಂಡಿಯ ಕಾಯಿಯೂ ಒಂದೇ ರಸ್ತೆಯ ಬದಿಯಲ್ಲಿ ಕೊಳೆಯಬೇಕಾದ ಸ್ಥಿತಿ ಬಂತು. ದೇಶಪ್ರೇಮದ ಪ್ರಮಾಣಪತ್ರ ಕೇಳುವವರಿಗೆ ಹೇಳಿ: ನಮ್ಮ ಬೇರುಗಳು ಘೋಷಣೆಗಳಲ್ಲಿಲ್ಲ, ಹೀಗೆ ಕೊಟ್ಟ ಮುಂಗಡಗಳಲ್ಲಿವೆ, ಬೆಳೆಸಿದ ಮರಗಳಲ್ಲಿವೆ, ಉಳಿಸಿದ ನಂಬಿಕೆಗಳಲ್ಲಿವೆ.

ಮದುವೆಯಾಗಿ ಕೋಲಾರಕ್ಕೆ ಬಂದ ನಾನಿ 1952ರಲ್ಲಿ ಮೊದಲ ಬಾರಿಗೆ ಮತ ಹಾಕಿದರು. ಸ್ವತಂತ್ರ ಭಾರತದ ಆ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಬಹುಪಾಲು ಉತ್ತರದ ರಾಜ್ಯಗಳವರು. ಅವರು ತಮ್ಮ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಪಟ್ಟಿ ಬರೆಯುವವರು ಬಂದಾಗ ನನ್ನ ನಾನಿ ಪರದೆಯ ಹಿಂದಿನಿಂದ ತಮ್ಮ ಹೆಸರನ್ನು ತಾವೇ ಹೇಳಿದರಂತೆ. ಹೊರಗಿನವರೊಬ್ಬರು ತಮ್ಮ ಹೆಸರು ಕೇಳಿದ್ದು ಅದೇ ಮೊದಲು ಎಂದು ಅವರು ಮುಪ್ಪಿನಲ್ಲಿ ಹೇಳುತ್ತಿದ್ದರು. ಸಂವಿಧಾನದ ಬಗ್ಗೆ ನಾನು ಓದಿದ ಯಾವ ವ್ಯಾಖ್ಯಾನವೂ ಆ ಮಾತಿನಷ್ಟು ಆಳವಾಗಿ ನನಗೆ ತಟ್ಟಿಲ್ಲ.

1974ರಲ್ಲಿ ದೇವರಾಜ ಅರಸರ ಸರಕಾರದ ಭೂಸುಧಾರಣೆ ಜಾರಿಗೆ ಬಂತು. ಉಳುವವನು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಬೇಕಿತ್ತು. ತವರಿನಲ್ಲಿ ನಾನಿಯ ಕಿರಿಯ ತಮ್ಮ ಎರಡು ಎಕರೆಯನ್ನು ಗೇಣಿಗೆ ಉಳುತ್ತಿದ್ದರು. ಕಾಗದವೆಂಬುದು ಒಂದೂ ಇರಲಿಲ್ಲ. ಎಲ್ಲವೂ ಬಾಯಿಮಾತಿನ ಒಪ್ಪಂದ. ಪಕ್ಕದ ಹೊಲದ ಇಬ್ಬರು ಒಕ್ಕಲಿಗ ರೈತರು ಭೂನ್ಯಾಯ ಮಂಡಳಿಯ ಮುಂದೆ ಬಂದು ಸಾಕ್ಷಿ ಹೇಳಿದರು. ಜಮೀನು ಉಳಿಯಿತು. ಮುಳಬಾಗಿಲಿನಲ್ಲಿ ರಸೂಲ್ ಖಾನ್‌ರು ಕೊಟ್ಟ ಸಾಲವನ್ನು ಈ ರೈತರು ಬೇರೊಂದು ಊರಿನಲ್ಲಿ, ಬೇರೊಂದು ಕಾಲದಲ್ಲಿ ತೀರಿಸಿದರೆಂದೇ ನನಗನಿಸುತ್ತದೆ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಿ. ಸಾಕ್ಷಿ ಹೇಳುವ ನೆರೆಯವರಿಲ್ಲದವರ, ಅರ್ಜಿ ಬರೆದುಕೊಡುವವರು ಸಿಗದವರ ಗತಿ ಏನಾಯಿತು? ಓದು ಬಾರದವರ ಪಾಲಿಗೆ ಒಳ್ಳೆಯ ಕಾನೂನೂ ಮುಚ್ಚಿದ ಬಾಗಿಲೇ.

ಸಹೋದರರೇ, ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಮ್ಮೆಪಡುವಂಥದ್ದಿತ್ತು. ಈಗ ಹೇಳುವುದರಲ್ಲಿ ಅದಿಲ್ಲ. ನಾನಿಯ ಚರಕದ ಚಕ್ರ ತಿರುಗಿಸಿದ್ದು ಯಾರು? ಅವರ ಮಗಳು, ಅಂದರೆ ನನ್ನ ತಾಯಿ. ನಾಲ್ಕನೆಯ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಲಾಯಿತು. ಅಣ್ಣಂದಿರಿಗೆ ಓದು, ತಂಗಿಗೆ ಚಕ್ರ. ಅದನ್ನು ಯಾವ ಸುಲ್ತಾನನೂ ಮಾಡಲಿಲ್ಲ, ಯಾವ ಬ್ರಿಟಿಷನೂ ಮಾಡಲಿಲ್ಲ, ಯಾವ ಕೋಮುವಾದಿಯೂ ಮಾಡಲಿಲ್ಲ. ನಮ್ಮ ಮನೆಯ ಬಡತನ ಮತ್ತು ನಮ್ಮ ಮನೆಯ ತೀರ್ಮಾನ ಎರಡೂ ಸೇರಿ ಅದನ್ನು ಮಾಡಿದವು. ನಾನಿ ಚರಕಕ್ಕೆ ಕುಳಿತು ಆರು ದಶಕಗಳಿಗೂ ಹೆಚ್ಚು ಕಾಲವಾದ ಮೇಲೆ, 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿತು. ಅದರಲ್ಲಿ ಕರ್ನಾಟಕವೂ ಇತ್ತು. ನಮ್ಮ ರಾಜ್ಯದ ನೂಲು ತೆಗೆಯುವ ಘಟಕಗಳಲ್ಲಿ ದುಡಿಯುವವರಲ್ಲೂ ದುಡಿಸುವವರಲ್ಲೂ ನಮ್ಮವರು ಬಹಳಷ್ಟಿದ್ದಾರೆ. ಮುಂಗಡ ಸಾಲಕ್ಕೆ ಮಗುವನ್ನು ಒತ್ತೆಯಿಟ್ಟು ದುಡಿಸಿದ ಯಜಮಾನ ಐದು ಹೊತ್ತು ನಮಾಝ್ ಮಾಡಿದರೆ ಆ ಮಗುವಿನ ಬೆಂದ ಬೆರಳು ನಾಳೆ ಅಲ್ಲಾಹನ ಮುಂದೆ ಮೌನವಾಗಿರುತ್ತದೆಯೇ? 2006ರ ಸಾಚಾರ್ ವರದಿಯನ್ನು ನಾವು ಸರಕಾರದ ಮುಂದೆ ಬೀಸುತ್ತೇವೆ. ಬೀಸಲೇಬೇಕು, ಅದು ನಮ್ಮ ಹಕ್ಕು. ಆದರೆ ಆ ವರದಿಯ ಅಂಕಿಅಂಶಗಳ ಹಿಂದೆ ಶಾಲೆ ಬಿಡಿಸಲ್ಪಟ್ಟ ನಮ್ಮದೇ ತಾಯಂದಿರ ಮುಖಗಳಿವೆ ಎಂಬುದನ್ನು ಮನೆಯೊಳಗೂ ಹೇಳಿಕೊಳ್ಳಬೇಕು.

ಇದನ್ನು ನಾನೇಕೆ ಒತ್ತಿ ಹೇಳುತ್ತಿದ್ದೇನೆ? ಸಾಮಾನ್ಯರ ಚರಿತ್ರೆಯನ್ನು ಪ್ರಾಮಾಣಿಕವಾಗಿ ಬರೆದರೆ ಮಾತ್ರ ನಮ್ಮ ಹಿನ್ನಡೆಯ ಕಾರಣಗಳು ಸ್ಪಷ್ಟವಾಗುತ್ತವೆ. ಕಾಲ ತಂದ ಕಷ್ಟ ಯಾವುದು, ಅಧಿಕಾರಸ್ಥರು ಮಾಡಿದ ಅನ್ಯಾಯ ಯಾವುದು, ನಾವೇ ಮಾಡಿಕೊಂಡ ಹಾನಿ ಯಾವುದು ಎಂದು ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತದೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲಿನ ಎದುರು ನಮ್ಮ ರೈತರೂ ನೂಲು ತೆಗೆಯುವವರೂ ತತ್ತರಿಸಿದರು. ಅದು ನೀತಿಯ ಹೊಡೆತ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿ ಸಾವಿರಾರು ಮನೆಗಳ ಒಲೆ ತಣ್ಣಗಾದದ್ದೂ ಅಂಥದ್ದೇ. 2022ರಲ್ಲಿ ಶಿರವಸ್ತ್ರದ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದ್ದು ಅನ್ಯಾಯ. ಆದರೆ ಮಗಳಿಗೆ ನಾಲ್ಕನೇ ತರಗತಿ ಸಾಕು ಎಂದದ್ದು ಮೇಲಿನ ಯಾವುದೂ ಅಲ್ಲ. ಹಾಗೆ ಹೇಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಈಗ ನಾಲ್ಕರ ಬದಲು ಹತ್ತು ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಗೇಟಿನ ಹೊರಗೆ ನಿಲ್ಲಿಸಿದವರ ವಿರುದ್ಧ ನ್ಯಾಯ ಕೇಳುವ ನಾವು ಮನೆಯ ಬಾಗಿಲಲ್ಲೇ ಮಗಳನ್ನು ನಿಲ್ಲಿಸಬಾರದು.

ನಾನಿ 2009ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ, 2019ರ ಕೊನೆಯಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ದೇಶದ ಎಲ್ಲ ಮುಸ್ಲಿಮ್ ಮನೆಗಳಂತೆ ನಮ್ಮ ಮನೆಯಲ್ಲೂ ಹಳೆಯ ಟ್ರಂಕು ತೆರೆದೆವು. ಒಂದು ಕಾಗದದಲ್ಲಿ ನಾನಿ 1925ರಲ್ಲಿ ಹುಟ್ಟಿದ್ದರು, ಇನ್ನೊಂದರಲ್ಲಿ 1932ರಲ್ಲಿ, ಮತ್ತೊಂದರಲ್ಲಿ 1935ರಲ್ಲಿ. ಹೆಸರಿನ ಅಕ್ಷರಗಳೂ ಮೂರು ಬಗೆ. ಅವರ ಹೆಸರು, ಅವರ ತಂದೆಯ ಹೆಸರು, ಊರು ಎಲ್ಲವೂ ಸರಿಯಾಗಿದ್ದ ಕಾಗದ ಒಂದೇ ಒಂದು: ಅವರ ನಿಕಾಹ್‌ನಾಮೆ. ಮಹ್ರ್‌ನ ಮೊತ್ತವೂ ಅದರಲ್ಲಿತ್ತು. ಓದು ಬಾರದ ಆ ಹೆಣ್ಣುಮಗಳನ್ನು ಪೂರ್ಣ ವ್ಯಕ್ತಿಯೆಂದು ಮೊದಲು ಬರೆದಿಟ್ಟದ್ದು ಇಸ್ಲಾಮಿನ ಒಂದು ವಿಧಿ. ಅದನ್ನು ಜೋಪಾನವಾಗಿ ಬರೆದ ಆ ಕಾಲದ ಖಾಝಿಯವರಿಗೆ ಅಲ್ಲಾಹನು ಪ್ರತಿಫಲ ನೀಡಲಿ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ನಮಾಝಿನ ಬಗ್ಗೆ ಇರುವುದಲ್ಲ, ಉಪವಾಸದ ಬಗ್ಗೆ ಇರುವುದಲ್ಲ. ಅದು ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮ್ಮುಖದಲ್ಲಿ ಬರೆದಿಡಬೇಕೆಂಬ ಆದೇಶ. ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ ಎಂಬುದು ಅದರ ಆಶಯ. ಆ ಸೂಕ್ತವನ್ನು ರಮಝಾನಿನಲ್ಲಿ ಓದಿ ಮುಗಿಸುವ ನಾವು ಬಾಯಿಮಾತಿನಲ್ಲೇ ಆಸ್ತಿ ಹಂಚಿಕೊಂಡು ಮುಂದಿನ ತಲೆಮಾರಿಗೆ ನ್ಯಾಯಾಲಯದ ಅಲೆದಾಟ ಬಿಟ್ಟು ಹೋಗುತ್ತೇವೆ.

ಇದೇ ಜಿಲ್ಲೆಯಲ್ಲಿ 2020ರ ಲಾಕ್‌ಡೌನ್ ಕಾಲದಲ್ಲಿ ನಡೆದುದನ್ನೂ ನೆನಪಿಸುತ್ತೇನೆ. ಕೊರೋನಾವನ್ನು ಹರಡಿದವರು ಮುಸ್ಲಿಮರು ಎಂದು ದೇಶದಾದ್ಯಂತ ಪ್ರಚಾರ ನಡೆಯುತ್ತಿದ್ದ ಅದೇ ಏಪ್ರಿಲ್ ತಿಂಗಳಲ್ಲಿ ಕೋಲಾರದ ಇಬ್ಬರು ಸಹೋದರರು ತಮ್ಮ ಜಮೀನನ್ನು ಮಾರಿ, ಬಂದ 25 ಲಕ್ಷ ರೂಪಾಯಿಯಲ್ಲಿ ಬಡವರಿಗೆ ದಿನಸಿ, ಊಟ ಕೊಟ್ಟರು. ಬಾಲ್ಯದಲ್ಲೇ ಹೆತ್ತವರನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು ಅವರು. ತಮ್ಮ ಹಸಿವಿನ ದಿನಗಳಲ್ಲಿ ಎಲ್ಲ ಧರ್ಮದವರೂ ನೆರವಾದುದನ್ನು ಅವರು ಮರೆತಿರಲಿಲ್ಲ. ಆಗ ಅದು ಪತ್ರಿಕೆಗಳಲ್ಲಿ ಬಂತು. ಆದರೆ ಪತ್ರಿಕೆಯ ಆಯುಷ್ಯ ಒಂದು ದಿನ, ಸುಳ್ಳಿನ ಆಯುಷ್ಯ ಬಹಳ ದೀರ್ಘ. ಸತ್ಯವನ್ನು ನಾವೇ ಕಾಪಿಡದಿದ್ದರೆ ಐವತ್ತು ವರ್ಷಗಳ ನಂತರ ಆ ಏಪ್ರಿಲ್ ತಿಂಗಳ ಸುಳ್ಳು ಮಾತ್ರ ಉಳಿದಿರುತ್ತದೆ.

ಆದ್ದರಿಂದ ಈ ನಾಲ್ಕು ತಾಲೂಕುಗಳ ಕುಟುಂಬಗಳ ಮುಂದೆ ನಾಲ್ಕು ಕೆಲಸಗಳನ್ನು ಇಡುತ್ತೇನೆ. ಇವುಗಳಿಗೆ ದೊಡ್ಡ ಹಣ ಬೇಡ, ಮನಸ್ಸಿದ್ದರೆ ಸಾಕು.

ಮೊದಲನೆಯದು, ನಿಮ್ಮ ಮನೆಯ ಹಿರಿಯರ ಬದುಕನ್ನು ಅವರು ಇರುವಾಗಲೇ ಬರೆದುಕೊಳ್ಳಿ. ಪಿಯುಸಿ ಓದುವ ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು ಕೇಳಲಿ. ಯಾವ ಊರು, ಯಾವ ಕಸುಬು, ಯಾವ ಬರಗಾಲ, ಯಾವ ಕೆರೆ ಬತ್ತಿತು, ಕಷ್ಟದಲ್ಲಿ ಯಾವ ನೆರೆಯವರು ಕೈಹಿಡಿದರು ಎಂದು ಕೇಳಲಿ. ಮಾಲೂರಿನ ಇಟ್ಟಿಗೆ ಗೂಡಿನ ಕೆಲಸಗಾರ, ಮುಳಬಾಗಿಲಿನ ಬೀಡಿ ಕಟ್ಟುವ ವಿಧವೆ, ಶ್ರೀನಿವಾಸಪುರದ ಮಂಡಿಯ ಹಮಾಲಿ ಇವರೆಲ್ಲರ ಬಾಯಲ್ಲೂ ಇತಿಹಾಸವಿದೆ. ಮಹಿಳೆಯರ ಹೆಸರುಗಳನ್ನು ಪೂರ್ಣವಾಗಿ ಬರೆಯಿರಿ. ಇಂಥವರ ಪತ್ನಿ ಎಂದಷ್ಟೇ ಬರೆದು ನಿಲ್ಲಿಸಬೇಡಿ.

ಎರಡನೆಯದು, ಮಸೀದಿಯ ಜಮಾಅತ್‌ಗಳು ನಿಕಾಹ್, ಜನನ, ಮರಣ ಮತ್ತು ದಫನದ ರಿಜಿಸ್ಟರುಗಳನ್ನು ಅಚ್ಚುಕಟ್ಟಾಗಿ ಇಡಬೇಕು. ಗೆದ್ದಲು ತಿಂದ ಹಳೆಯ ಪುಸ್ತಕಗಳ ಚಿತ್ರಗಳನ್ನಾದರೂ ತೆಗೆದಿಡಬೇಕು. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ನಂತರ ಆಸ್ತಿಗಳ ವಿವರಗಳನ್ನು ಸರಕಾರದ ಜಾಲತಾಣದಲ್ಲಿ ದಾಖಲಿಸಬೇಕಾಗಿ ಬಂದಾಗ ಕಾಗದವಿಲ್ಲದ ಎಷ್ಟು ಮಸೀದಿ ಖಬರಸ್ತಾನಗಳ ಮುತವಲ್ಲಿಗಳು ಗಾಬರಿಯಾದರೆಂದು ನಿಮಗೆ ಗೊತ್ತು. ಆ ಕಾಯ್ದೆಯ ಬಗ್ಗೆ ನಮ್ಮ ಆಕ್ಷೇಪ ಬೇರೆ ವಿಚಾರ. ನಮ್ಮ ಅಜಾಗರೂಕತೆಗೆ ಅದು ನೆಪವಾಗದು.

ಮೂರನೆಯದು, ಕುಟುಂಬದ ಕಾಗದಗಳನ್ನು ಒಂದೆಡೆ ಸೇರಿಸಿ, ಹೆಸರು ಮತ್ತು ಜನ್ಮದಿನಾಂಕಗಳ ವ್ಯತ್ಯಾಸಗಳನ್ನು ತಿದ್ದಿಸಿಕೊಳ್ಳಿ. ಭಯದಿಂದಲ್ಲ, ಶಿಸ್ತಿನಿಂದ.

ನಾಲ್ಕನೆಯದು, ಇದನ್ನೆಲ್ಲ ಕನ್ನಡದಲ್ಲಿ ಬರೆಯಿರಿ. ಮನೆಯಲ್ಲಿ ನಾವು ಉರ್ದು ಮಾತನಾಡುತ್ತೇವೆ. ಅದು ನಮ್ಮ ತಾಯಿಯ ಮಾತು, ಅದನ್ನು ಉಳಿಸಿಕೊಳ್ಳೋಣ. ಆದರೆ ನಮ್ಮ ಮಕ್ಕಳಲ್ಲಿ ಅನೇಕರಿಗೆ ಉರ್ದು ಲಿಪಿ ಓದಲು ಬಾರದು, ನಮ್ಮ ನೆರೆಯವರಿಗಂತೂ ಬಾರದು. ನಮ್ಮ ಜಮೀನಿಗೆ ಸಾಕ್ಷಿ ಹೇಳಿದ ರೈತರ ಮೊಮ್ಮಕ್ಕಳು ಆ ಕತೆಯನ್ನು ಓದಬೇಡವೇ? ದ್ವೇಷದ ಅಂಗಡಿ ತೆರೆದವರು ಅವರ ಕಿವಿಯಲ್ಲಿ ಬೇರೆಯದನ್ನೇ ಊದುತ್ತಿದ್ದಾರೆ. ನಿಮ್ಮ ತಾತ ನಮ್ಮ ತಾತನಿಗೆ ಹೀಗೆ ನೆರವಾದರು ಎಂದು ನಾವು ಹೇಳಿದರೆ ಅದಕ್ಕಿಂತ ದೊಡ್ಡ ಉತ್ತರ ಬೇರೊಂದಿಲ್ಲ. ಉಪಕಾರ ಸ್ಮರಣೆ ನಮ್ಮ ಧರ್ಮದ ಭಾಗ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂಬ ಪ್ರವಾದಿ(ಸ) ಬೋಧನೆಯನ್ನು ಬಲ್ಲವರು ನಾವು.

ಕೋಲಾರಕ್ಕೆ ಸದಾ ಹರಿಯುವ ನದಿಯಿಲ್ಲ. ನಮ್ಮ ಹಿರಿಯರು ಕೆರೆಗಳನ್ನು ಕಟ್ಟಿ, ಬಿದ್ದ ಮಳೆಯನ್ನು ಒಂದರಿಂದ ಇನ್ನೊಂದಕ್ಕೆ ಹರಿಸಿ ಬದುಕಿದರು. ಕೆರೆಗಳು ಹೂಳು ತುಂಬಿ ಬತ್ತಿದಾಗ ಸಾವಿರ ಅಡಿಗಳನ್ನೂ ಮೀರಿ ಕೊಳವೆ ಬಾವಿ ಕೊರೆದರೂ ನೀರು ಸಿಗದಾಯಿತು. ಕೊನೆಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿಗೆ ಕೈಯೊಡ್ಡಬೇಕಾಯಿತು. ನೆನಪುಗಳೂ ಹಾಗೆಯೇ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹರಿಸದಿದ್ದರೆ ಬತ್ತುತ್ತವೆ. ಬತ್ತಿದ ಮೇಲೆ ಇತರರು ಹರಿಸಿದ್ದನ್ನೇ ಕುಡಿಯಬೇಕಾಗುತ್ತದೆ.

ನಮ್ಮ ಪೂರ್ವಿಕರಲ್ಲಿ ತಿಳಿದವರನ್ನೂ ತಿಳಿಯದವರನ್ನೂ ಅಲ್ಲಾಹನು ಕ್ಷಮಿಸಲಿ. ಅವರ ದುಡಿಮೆಯನ್ನು ಸ್ವೀಕರಿಸಲಿ. ಅವರ ಒಳಿತನ್ನು ಮುಂದುವರಿಸುವ, ಅವರ ಕಾಲದ ತಪ್ಪುಗಳನ್ನು ಮರುಕಳಿಸದಿರುವ ಶಕ್ತಿಯನ್ನು ನಮಗೆ ಕರುಣಿಸಲಿ. ನಮ್ಮ ಮಕ್ಕಳು ನಮ್ಮ ಬಗ್ಗೆ ಬರೆಯುವಾಗ ಅವರು ನಾಚಿಕೆಪಡದಂತಹ ಬದುಕನ್ನು ನಮಗೆ ದಯಪಾಲಿಸಲಿ. ಆಮೀನ್.